ಕಾಣುವ ಮೊದಲೇ ಬಂದಿರುವ ರೋಗ: ಮನೆಯಂಗಳದ ಸ್ಟ್ರಾಬೆರಿಯ ಆರೋಗ್ಯ

ಸ್ಟ್ರಾಬೆರಿ ಹಣ್ಣಿನ ಮೇಲೆ ಬೂದುಬಣ್ಣದ ಬೂಷ್ಟು ಕಾಣಿಸಿಕೊಂಡ ದಿನವನ್ನೇ ರೋಗ ತಗಲಿದ ದಿನವೆಂದು ಮನೆಯಲ್ಲಿ ಗಿಡ ಬೆಳೆಸುವವರು ಎಣಿಸುವುದು ಸಹಜವಾದರೂ, ಆ ಬೂಷ್ಟಿನ ಶಿಲೀಂಧ್ರವು ಬಹುಮಟ್ಟಿಗೆ ಹಣ್ಣು ಇನ್ನೂ ಹೂವಾಗಿದ್ದಾಗಲೇ ಒಳಹೊಕ್ಕು, ಕಾಯಿ ಹಸಿರಾಗಿರುವಷ್ಟು ಕಾಲವೂ ಸುಮ್ಮನಿದ್ದು, ಹಣ್ಣು ಸಿಹಿಗೊಂಡು ಮೆತ್ತಗಾಗುವ ಹೊತ್ತಿಗೆ ಎಚ್ಚೆತ್ತಿರುತ್ತದೆ. ಹೂ ಅರಳಿದ ದಿನದಿಂದ ಹಣ್ಣು ಕೆಂಪಾಗುವವರೆಗೆ ಸುಮಾರು ನಾಲ್ಕು ವಾರ ಹಿಡಿಯುವುದರಿಂದ, ಕಣ್ಣಿಗೆ ಬಿದ್ದ ರೋಗಕ್ಕೆ ಅಷ್ಟು ದಿನಗಳ ಕಾಣದ ಚರಿತ್ರೆಯಿರುತ್ತದೆ. ಬುಡಕೊಳೆಯ ಚರಿತ್ರೆ ಇನ್ನೂ ಹಿಂದಕ್ಕೆ, ಸಸಿ ನರ್ಸರಿಯಲ್ಲಿದ್ದ ಕಾಲಕ್ಕೆ ಹೋಗಬಹುದು. ವೈರಸ್ ರೋಗದ್ದು ಆ ಸಸಿಯ ತಾಯಿಗಿಡಕ್ಕೆ. ಸೊರಗು ರೋಗದ್ದು ಅದೇ ಮಣ್ಣಿನಲ್ಲಿ ಹಿಂದೆಂದೋ ಬೆಳೆದ ಟೊಮೆಟೊ ಅಥವಾ ಬದನೆಗೆ. ಆದುದರಿಂದ ಸ್ಟ್ರಾಬೆರಿಯ ರೋಗಗಳನ್ನು ಗೆಲ್ಲಬೇಕಾದ ಕಾಲವು ಲಕ್ಷಣ ಕಾಣಿಸಿಕೊಳ್ಳುವುದಕ್ಕೆ ಮುಂಚಿನದು ಎಂಬುದನ್ನು ಅರಿತವರಿಗೆ ಮದ್ದಿನ ಬಾಟಲಿಗಿಂತ ನೀರು ಹಾಕುವ ಹೊತ್ತು, ಸಸಿ ತಂದ ಜಾಗ, ಕುಂಡಗಳ ನಡುವಿನ ಅಂತರ ಮುಖ್ಯವೆನಿಸುತ್ತವೆ. ಈ ಅಧ್ಯಾಯವು ಬೆಂಗಳೂರು ಹಾಗೂ ಅದರ ಸುತ್ತಲಿನ ಎತ್ತರದ ಪ್ರದೇಶದ ತಾರಸಿ ಮತ್ತು ಅಂಗಳಗಳಲ್ಲಿ ಬೆಳೆಯುವ ಸ್ಟ್ರಾಬೆರಿಯನ್ನು ಉದಾಹರಣೆಯಾಗಿಟ್ಟುಕೊಂಡು ಆ ಕಾಣದ ಕಾಲವನ್ನು ಪರಿಶೀಲಿಸುತ್ತದೆ.

ಹಬ್ಬುಬಳ್ಳಿಯೊಡನೆ ಬರುವ ಆಸ್ತಿ

ಇಂದು ಮಾರುಕಟ್ಟೆಯಲ್ಲಿ ಸಿಗುವ ಸ್ಟ್ರಾಬೆರಿ ಕಾಡಿನಿಂದ ಬಂದದ್ದಲ್ಲ, ಎರಡು ಅಮೆರಿಕಗಳ ಎರಡು ಪ್ರಭೇದಗಳು ಯೂರೋಪಿನ ತೋಟಗಳಲ್ಲಿ ಕೂಡಿ ಹುಟ್ಟಿದ ಮಿಶ್ರತಳಿ. ಚಿಲಿಯ ಕರಾವಳಿಯ ದಪ್ಪ ಹಣ್ಣಿನ ಗಿಡಗಳನ್ನು 1714ರಲ್ಲಿ ಫ್ರಾನ್ಸಿಗೆ ತಂದವನು ಅಮೆದೆ ಫ್ರಾಂಸ್ವಾ ಫ್ರೆಜಿಯೆ ಎಂಬ ಎಂಜಿನಿಯರ್. ಅವು ಉತ್ತರ ಅಮೆರಿಕದ ಪೂರ್ವಭಾಗದ ವರ್ಜೀನಿಯಾ ಸ್ಟ್ರಾಬೆರಿಯ ಪರಾಗದೊಡನೆ ಕೂಡಿದ್ದರಿಂದ ಹೊಸ ಗಿಡ ಹುಟ್ಟಿತೆಂದು 1766ರಲ್ಲಿ ಗುರುತಿಸಿದವನು ಆಂತ್ವಾನ್ ನಿಕೊಲಾ ದ್ಯುಶೆನ್. ಆ ಮಿಶ್ರತಳಿಯ ಬೀಜ ಬಿತ್ತಿದರೆ ಪ್ರತಿಯೊಂದು ಸಸಿಯೂ ಬೇರೆ ಬೇರೆ ಗುಣ ತೋರುವುದರಿಂದ, ತಳಿಯ ಗುಣ ಉಳಿಸಿಕೊಳ್ಳಲು ಬೆಳೆಗಾರರು ರನ್ನರ್ ಎಂದು ಕರೆಯುವ ಹಬ್ಬುಬಳ್ಳಿಯನ್ನೇ ನಂಬಿದ್ದಾರೆ. ತಾಯಿಗಿಡದಿಂದ ನೆಲದ ಮೇಲೆ ಹರಿದುಹೋಗುವ ಈ ತೆಳುಕಾಂಡದ ಗೆಣ್ಣುಗಳಲ್ಲಿ ಮೂಡುವ ಮರಿಗಿಡಗಳು ಆನುವಂಶಿಕವಾಗಿ ತಾಯಿಯ ಪಡಿಯಚ್ಚುಗಳು.

ಪಡಿಯಚ್ಚಿನ ಈ ಕ್ರಮದಲ್ಲಿ ತಾಯಿಯ ರುಚಿಯೊಂದಿಗೆ ತಾಯಿಯ ರೋಗವೂ ಮರಿಗೆ ಸಲ್ಲುತ್ತದೆ. ಬಹುಪಾಲು ವೈರಸ್‌ಗಳು ಬೀಜದ ಹಂತದಲ್ಲಿ ಸೋಸಿಹೋಗುತ್ತವೆ; ಆದರೆ ಹಬ್ಬುಬಳ್ಳಿಯ ರಸವಾಹಿನಿಗಳಲ್ಲಿ ಅವುಗಳಿಗೆ ಯಾವ ತಡೆಯೂ ಇಲ್ಲ. ಸ್ಟ್ರಾಬೆರಿಯನ್ನು ಬಾಧಿಸುವ ಮಾಟಲ್, ಕ್ರಿಂಕಲ್, ಮೈಲ್ಡ್ ಯೆಲ್ಲೊ ಎಡ್ಜ್ ಮುಂತಾದ ವೈರಸ್‌ಗಳಲ್ಲಿ ಒಂದೇ ಒಂದು ಗಿಡದೊಳಗಿದ್ದರೆ ಅನೇಕ ವೇಳೆ ಎಲೆಯ ಮೇಲೆ ಏನೂ ಕಾಣುವುದಿಲ್ಲ. ಎರಡು ಮೂರು ಜೊತೆಗೂಡಿದಾಗ ಮಾತ್ರ ಎಲೆ ಸಣ್ಣದಾಗಿ, ಅಂಚು ಹಳದಿಗಟ್ಟಿ, ಗಿಡ ಕುಗ್ಗಿ, ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಇವುಗಳನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಎಲೆಯಡಿ ಕುಳಿತು ರಸ ಹೀರುವ ಸಸ್ಯಹೇನು. ವೈರಸ್ ಹೊಕ್ಕ ಗಿಡವನ್ನು ಗುಣಪಡಿಸುವ ಸಿಂಪಡಣೆ ಯಾವುದೂ ಇಲ್ಲ.

ಈ ಕಗ್ಗಂಟನ್ನು ಬಿಡಿಸಿದ ವಿಧಾನ ಬಂದದ್ದು ಡೇಲಿಯಾ ಹೂವಿನ ಗಿಡದಿಂದ. ಫ್ರಾನ್ಸಿನ ಜಾರ್ಜ್ ಮೊರೆಲ್ ಮತ್ತು ಮಾರ್ತಾಂ 1952ರಲ್ಲಿ, ವೈರಸ್ ತಗಲಿದ ಡೇಲಿಯಾದ ಕುಡಿಯ ತುತ್ತತುದಿಯಲ್ಲಿ ಬಿರುಸಾಗಿ ವಿಭಜಿಸುತ್ತಿರುವ ಜೀವಕೋಶಗಳ ಗುಂಪನ್ನು, ಅಂದರೆ ವರ್ಧನ ಅಂಗಾಂಶವನ್ನು, ಕತ್ತರಿಸಿ ಪೋಷಕ ಮಾಧ್ಯಮದಲ್ಲಿ ಬೆಳೆಸಿ ವೈರಸ್ ಇಲ್ಲದ ಗಿಡಗಳನ್ನು ಪಡೆದರು. ರಸವಾಹಿನಿಗಳು ಇನ್ನೂ ರೂಪುಗೊಳ್ಳದ ಆ ತುದಿಗೆ ವೈರಸ್ ತಲುಪುವುದು ವಿರಳ. ಸ್ಟ್ರಾಬೆರಿಯಲ್ಲಿ ಹೀಗೆ ತೆಗೆಯುವ ತುದಿಯ ಉದ್ದ ಅರ್ಧ ಮಿಲಿಮೀಟರಿಗೂ ಮೀರದು. ಅದಕ್ಕೂ ಮೊದಲು ತಾಯಿಗಿಡವನ್ನು ಸುಮಾರು 37–38 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೆಲವು ವಾರ ಇಡುವುದುಂಟು. ಅಂಗಾಂಶ ಕೃಷಿಯ ಸಸಿಗೆ ಕೊಡುವ ಹೆಚ್ಚಿನ ಬೆಲೆ ಈ ಶುದ್ಧಿಯ ಬೆಲೆ. ನೆರೆಮನೆಯವರು ಪ್ರೀತಿಯಿಂದ ಕೊಟ್ಟ ಮರಿಗಿಡದಲ್ಲಿ ಆ ಶುದ್ಧಿಯಿದೆಯೆಂದು ನೋಡಿ ಹೇಳಲಾಗದು. ಅದನ್ನು ನೆಡುವುದಾದರೆ ಉಳಿದ ಗಿಡಗಳಿಂದ ದೂರದಲ್ಲಿಟ್ಟು ಮೂರು ನಾಲ್ಕು ವಾರ ಗಮನಿಸಿದ ಮೇಲೆ ಜೊತೆಗೆ ಸೇರಿಸುವುದು ಕ್ಷೇಮ.

ಮೂರು ಹವೆ, ಮೂರು ಬಗೆಯ ಬಾಧೆ

ರೋಗಶಾಸ್ತ್ರದಲ್ಲಿ ಗಿಡ, ರೋಗಾಣು, ಪರಿಸರ ಎಂಬ ಮೂರನ್ನು ತ್ರಿಕೋನದ ಮೂರು ಬದಿಗಳೆಂದು ಕಲಿಸುವುದು ವಾಡಿಕೆ. ಮೂರೂ ಕೂಡದೆ ರೋಗ ಹುಟ್ಟದು. ಮನೆಯ ಬೆಳೆಗಾರರ ಕೈಗೆ ನೇರವಾಗಿ ಸಿಗುವ ಬದಿ ಪರಿಸರ. ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ ಸ್ಟ್ರಾಬೆರಿಯನ್ನು ಸಾಮಾನ್ಯವಾಗಿ ಮಳೆಗಾಲ ಹಿಂಜರಿಯುವ ಹೊತ್ತಿಗೆ ನೆಟ್ಟು, ಚಳಿಗಾಲದಲ್ಲಿ ಹಣ್ಣು ಕೊಯ್ದು, ಬೇಸಿಗೆ ಏರಿದಂತೆ ಮುಗಿಸುವುದರಿಂದ ಆ ಏಳೆಂಟು ತಿಂಗಳಲ್ಲಿ ಗಿಡವು ಮೂರು ಬೇರೆ ಬೇರೆ ಹವೆಗಳನ್ನು ಹಾದುಹೋಗುತ್ತದೆ.

ಮೊದಲನೆಯದು ಅಕ್ಟೋಬರ್–ನವೆಂಬರ್ ತಿಂಗಳ ಹಿಂಗಾರು ಮಳೆ. ಎಳೆಯ ಸಸಿ ಬೇರೂರುವ ಈ ಕಾಲದ ಬೆಚ್ಚನೆಯ ತೇವ ಚಿಬ್ಬು ರೋಗಕ್ಕೆ ಹೇಳಿಮಾಡಿಸಿದಂತಿರುತ್ತದೆ. ಕೊಲೆಟೋಟ್ರೈಕಮ್ ಕುಲದ ಶಿಲೀಂಧ್ರಗಳು ತರುವ ಈ ರೋಗದ ಬೀಜಕಣಗಳು ಅಂಟಿನಲ್ಲಿ ಹುದುಗಿರುವುದರಿಂದ ಒಣಗಾಳಿಯಲ್ಲಿ ಹಾರಲಾರವು. ಮಳೆಹನಿ ಅಥವಾ ಪೈಪಿನ ನೀರು ಬಡಿದಾಗ ಸಿಡಿಯುವ ತುಂತುರು, ಒದ್ದೆ ಕೈ, ಒದ್ದೆ ಕತ್ತರಿಗಳೇ ಅವುಗಳ ವಾಹನ. ಹಬ್ಬುಬಳ್ಳಿಯ ಮೇಲೆ ಕಪ್ಪಗೆ ಕುಳಿಬಿದ್ದ ಗಾಯ, ಹಣ್ಣಿನ ಮೇಲೆ ಗುಂಡಗೆ ತಗ್ಗಾದ ಕಂದು ಮಚ್ಚೆ, ತೇವವಿದ್ದಾಗ ಆ ಮಚ್ಚೆಯಲ್ಲಿ ಕಿತ್ತಳೆಗೆಂಪಿನ ಬೀಜಕಣಗಳ ಲೋಳೆ ಇದರ ಗುರುತು. ಇದೇ ಶಿಲೀಂಧ್ರಗಳು ಮೋಟುಕಾಂಡವನ್ನು, ಅಂದರೆ ಮಣ್ಣಿನ ಮಟ್ಟದಲ್ಲಿ ಎಲೆಗಳೆಲ್ಲ ಸುತ್ತುಗಟ್ಟಿ ಹೊರಡುವ ಗಿಡ್ಡ ಕಾಂಡವನ್ನು, ಹೊಕ್ಕರೆ ನಿನ್ನೆ ಚೆನ್ನಾಗಿದ್ದ ಗಿಡ ಬಿಸಿಲೇರಿದಂತೆ ಬಾಡುತ್ತದೆ.

ಅದೇ ಕಾಲದಲ್ಲಿ ನೀರು ನಿಂತ ಕುಂಡದಲ್ಲಿ ಫೈಟಾಫ್ತೊರ ಕುಲದ ಬುಡಕೊಳೆಯೂ ತಲೆಯೆತ್ತುತ್ತದೆ. ಶಿಲೀಂಧ್ರದಂತೆ ಕಂಡರೂ ಬೇರೆ ವಂಶಕ್ಕೆ ಸೇರಿದ ಈ ಜೀವಿಯ ಚರಬೀಜಾಣುಗಳು ಎರಡು ಸಣ್ಣ ಚಾವಟಿಗಳ ಬಲದಿಂದ ನೀರಿನಲ್ಲಿ ಈಜಿ ಬೇರನ್ನು ತಲುಪುವುದರಿಂದ, ನಿಂತ ನೀರೇ ಅವುಗಳ ಹಾದಿ. ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರಿಗೆ ಇದೇ ಕುಲದ ಬೇರೆ ಪ್ರಭೇದಗಳು ಕೊಳೆರೋಗದ ರೂಪದಲ್ಲಿ ಚೆನ್ನಾಗಿ ಪರಿಚಿತ. ಇದೇ ಕುಲದ ಇನ್ನೊಂದು ಪ್ರಭೇದವು ತಣ್ಣನೆಯ ಒದ್ದೆ ನೆಲದಲ್ಲಿ ಬೇರಿನ ನಡುತಿರುಳನ್ನು ಕೆಂಪಾಗಿಸುವ ರೋಗವನ್ನು ತರುತ್ತದೆ. 1920ರ ದಶಕದಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್ ತೋಟಗಳನ್ನು ಕಾಡಿದ ಆ ರೋಗ ಚಳಿದೇಶಗಳದು.

ಎರಡನೆಯ ಹವೆ ಡಿಸೆಂಬರ್–ಜನವರಿಯ ಇಬ್ಬನಿಯದು. ಮಳೆಯಿಲ್ಲದಿದ್ದರೂ ರಾತ್ರಿ ಬಿದ್ದ ಇಬ್ಬನಿ ಬೆಳಿಗ್ಗೆ ತಡವಾಗಿ ಆರುವಾಗ ಹೂವಿನ ದಳಗಳು ಗಂಟೆಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತವೆ. ಬೊಟ್ರೈಟಿಸ್ ಸಿನೇರಿಯ ಎಂಬ ಬೂದುಬೂಷ್ಟಿನ ಶಿಲೀಂಧ್ರಕ್ಕೆ ಬೇಕಾದ 15ರಿಂದ 25 ಡಿಗ್ರಿಯ ತಂಪು ಮತ್ತು ದೀರ್ಘ ತೇವ ಎರಡೂ ಆಗ ಒಟ್ಟಿಗೆ ಒದಗುತ್ತವೆ. ಒಣಗಿದ ಎಲೆ, ಉದುರದೆ ಅಂಟಿಕೊಂಡ ದಳ, ಗಿಡದಲ್ಲೇ ಬಿಟ್ಟ ಕೊಳೆತ ಹಣ್ಣುಗಳ ಮೇಲೆ ಬೆಳೆದ ಅದರ ಬೀಜಕಣಗಳು ಗಾಳಿಯಲ್ಲಿ ತೇಲಿ ಬಂದು ಹೂವಿನ ಮೇಲೆ ಕೂರುತ್ತವೆ. ಈ ಕಾಲದ ಇನ್ನೊಂದು ಬಾಧೆಯಾದ ಬೂದಿರೋಗದ ಸ್ವಭಾವ ಇದಕ್ಕೆ ವಿರುದ್ಧವಾದದ್ದು: ಅದಕ್ಕೆ ಗಾಳಿಯಲ್ಲಿ ತೇವಾಂಶ ಬೇಕು, ಎಲೆಯ ಮೇಲೆ ನೀರು ಬೇಡ. ಎಲೆಗಳು ಅಂಚಿನಿಂದ ಮೇಲಕ್ಕೆ ದೊನ್ನೆಯಂತೆ ಮಡಚಿ, ಅಡಿಭಾಗದಲ್ಲಿ ಬಿಳಿಹುಡಿ ಹರಡಿ, ಕ್ರಮೇಣ ಕೆನ್ನೇರಳೆ ಮಚ್ಚೆಗಳು ಮೂಡುತ್ತವೆ. ಆದ್ದರಿಂದಲೇ ಮಳೆ ತಡೆಯಲು ಪ್ಲಾಸ್ಟಿಕ್ ಹೊದಿಸಿ ಎಲ್ಲ ಬದಿಯನ್ನೂ ಮುಚ್ಚಿದ ಮನೆಯಲ್ಲಿ ಬೂದುಬೂಷ್ಟು ಕಡಿಮೆಯಾದರೂ ಬೂದಿರೋಗ ಹೆಚ್ಚಬಹುದು.

ಮಾರ್ಚ್‌ನಿಂದ ಮುಂದಿನದು ಬಿಸಿಲಿನ ಹವೆ. ತೇವದ ರೋಗಗಳು ಹಿಂದೆ ಸರಿದರೂ, ಬಿಸಿಯಾದ ಮಣ್ಣು ಮತ್ತು ನೀರಿನ ಕೊರತೆಯಿಂದ ದಣಿದ ಗಿಡಗಳನ್ನು ಮ್ಯಾಕ್ರೊಫೊಮಿನ ಎಂಬ ಶಿಲೀಂಧ್ರದ ಇದ್ದಿಲುಕೊಳೆ ಹಿಡಿಯಬಹುದು. ಒಣಹವೆಯಲ್ಲಿ ನುಸಿಗಳೂ ಬೇಗ ಹೆಚ್ಚಿ ಎಲೆಯನ್ನು ಕಂಚಿನ ಬಣ್ಣಕ್ಕೆ ತಿರುಗಿಸುತ್ತವೆ.

ಗಿಡವನ್ನು ಓದುವ ಕ್ರಮ

ರೋಗವನ್ನು ಗುರುತಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಲಕ್ಷಣವು ಹಳೆಯ ಎಲೆಯಲ್ಲಿದೆಯೋ ಎಳೆಯ ಎಲೆಯಲ್ಲಿದೆಯೋ ಎಂಬುದು. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ರೋಗವಲ್ಲ, ಕಬ್ಬಿಣದ ಕೊರತೆ. ಸ್ಟ್ರಾಬೆರಿಗೆ ಹಿತವಾದ ಮಣ್ಣಿನ ರಸಸಾರ, ಅಂದರೆ ಹುಳಿ–ಕ್ಷಾರಗಳ ಅಳತೆ, 5.5ರಿಂದ 6.5. ಗಡುಸಾದ ಕೊಳವೆಬಾವಿಯ ನೀರನ್ನು ಕುಂಡಕ್ಕೆ ತಿಂಗಳುಗಟ್ಟಲೆ ಹಾಕಿದಾಗ ಮಣ್ಣು ಕ್ಷಾರಕ್ಕೆ ತಿರುಗಿ, ಕಬ್ಬಿಣವಿದ್ದೂ ಬೇರಿಗೆ ದಕ್ಕದಂತಾಗುತ್ತದೆ. ಸಂಗ್ರಹಿಸಿದ ಮಳೆನೀರು ಇದಕ್ಕೆ ಒಳ್ಳೆಯ ಪರಿಹಾರ. ಹಣ್ಣು ಸೊಟ್ಟಗಾಗಿ ಒಂದು ಬದಿ ಗಟ್ಟಿಯಾಗಿ ಉಳಿದಿದ್ದರೆ ಅನೇಕ ವೇಳೆ ಕಾರಣ ಅರೆಬರೆ ಪರಾಗಸ್ಪರ್ಶ: ಮೇಲ್ಮೈಯಲ್ಲಿ ಕಾಣುವ ಬೀಜದಂಥ ಕಣಗಳೇ ನಿಜವಾದ ಹಣ್ಣುಗಳಾಗಿದ್ದು, ಅವು ಕಟ್ಟದ ಕಡೆ ಕೆಳಗಿನ ತಿರುಳು ಉಬ್ಬುವುದಿಲ್ಲ. ಇಂಥ ಗಿಡಕ್ಕೆ ಶಿಲೀಂಧ್ರನಾಶಕ ಹೊಡೆದರೆ ಜೇನಿಗೆ ತೊಂದರೆಯಾಗಿ ಸಮಸ್ಯೆ ಹೆಚ್ಚೀತು.

ಎಲೆಯ ಮೇಲಿನ ಚುಕ್ಕೆಗಳು ಮೂರು ನಾಲ್ಕು ಬಗೆಯವು. ನಡುವೆ ಬಿಳಿಯಾಗಿ, ಸುತ್ತ ನೇರಳೆಯ ಬಳೆ ಇರುವ ಸಣ್ಣ ಗುಂಡುಚುಕ್ಕೆ ಸಾಮಾನ್ಯ ಎಲೆಚುಕ್ಕೆ ರೋಗದ್ದು. ನಡುವಿನಲ್ಲಿ ಬಿಳಿಯಿಲ್ಲದೆ ಕೆನ್ನೇರಳೆ ಮಚ್ಚೆಗಳು ಒಂದಕ್ಕೊಂದು ಸೇರಿ ಎಲೆಯ ಅಂಚು ಸುಟ್ಟಂತಾದರೆ ಅದು ಎಲೆಸುಡು ರೋಗ. ದೊಡ್ಡ ನರದ ಗುಂಟ ಹೊರಟು ಅಂಚಿನತ್ತ ಅಗಲವಾಗುವ ಕಂದು ತ್ರಿಕೋನವಿದ್ದರೆ ಫೊಮಾಪ್ಸಿಸ್ ಅಂಗಮಾರಿ. ಈ ಮೂರೂ ಹಳೆಯ ಎಲೆಗಳಲ್ಲೇ ಹೆಚ್ಚಾಗಿದ್ದು, ಆ ಎಲೆಗಳನ್ನು ತೆಗೆದು ಗಿಡಕ್ಕೆ ಗಾಳಿ ಕೊಟ್ಟರೆ ಮನೆಯ ಮಟ್ಟದಲ್ಲಿ ಸಾಮಾನ್ಯವಾಗಿ ಹತೋಟಿಗೆ ಬರುತ್ತವೆ. ಇವುಗಳಿಂದ ಬೇರೆಯಾಗಿ ನಿಲ್ಲುವುದು ಬ್ಯಾಕ್ಟೀರಿಯಾ ತರುವ ಕೋನೀಯ ಎಲೆಚುಕ್ಕೆ. ಕಾರಣವಾದ ಜಾಂತೊಮೊನಸ್ ಫ್ರಗಾರಿಯೆ ಎಂಬ ಬ್ಯಾಕ್ಟೀರಿಯಾ ಅಮೆರಿಕದ ಮಿನ್ನೆಸೋಟದಲ್ಲಿ ಪತ್ತೆಯಾಗಿ 1962ರಲ್ಲಿ ಹೆಸರು ಪಡೆಯಿತು. ಸಣ್ಣ ನರಗಳ ಗಡಿ ದಾಟದ ಮೂಲೆಮೂಲೆಯಾದ ಈ ಚುಕ್ಕೆಗಳು ಮೇಲಿಂದ ನೋಡಿದಾಗ ಮಬ್ಬಾಗಿದ್ದು, ಎಲೆಯನ್ನು ಬೆಳಕಿಗೆ ಹಿಡಿದಾಗ ಎಣ್ಣೆ ಹೀರಿದ ಕಾಗದದಂತೆ ಪಾರದರ್ಶಕವಾಗಿ ಹೊಳೆಯುತ್ತವೆ. ಬೆಳಕಿಗೆ ಹಿಡಿಯುವ ಈ ಸರಳ ಪರೀಕ್ಷೆಯಿಂದಲೇ ಬ್ಯಾಕ್ಟೀರಿಯಾದ ಚುಕ್ಕೆಯನ್ನು ಶಿಲೀಂಧ್ರದ ಚುಕ್ಕೆಯಿಂದ ಬಹುಮಟ್ಟಿಗೆ ಬೇರ್ಪಡಿಸಬಹುದು.

ಇಡೀ ಗಿಡ ಬಾಡಿದಾಗ ಎಲೆ ನೋಡಿ ತೀರ್ಮಾನಿಸಲಾಗದು. ಗಿಡವನ್ನು ಕಿತ್ತು, ಮೋಟುಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಬೇಕು. ಬೆಳ್ಳಗಿನ ತಿರುಳಿನಲ್ಲಿ ಕೆಂಗಂದು ಕಲೆಗಳು ಅಲ್ಲಲ್ಲಿ ಹರಡಿದ್ದರೆ ಚಿಬ್ಬು ರೋಗವನ್ನು, ಕಂದುಬಣ್ಣ ಒಂದೇ ಸಮನೆ ಆವರಿಸಿದ್ದರೆ ಫೈಟಾಫ್ತೊರವನ್ನು ಶಂಕಿಸಬೇಕು. ಹೊರಸುತ್ತಿನ ಎಲೆಗಳು ಅಂಚಿನಿಂದ ಒಣಗಿ ನೆಲಕ್ಕೆ ಬಿದ್ದಿದ್ದರೂ ನಡುವಿನ ಎಳೆಯ ಎಲೆಗಳು ಗಿಡ್ಡಗಾಗಿ ಹಸಿರಾಗಿಯೇ ಉಳಿದಿದ್ದರೆ ಅದು ವರ್ಟಿಸಿಲಿಯಮ್ ಸೊರಗು ರೋಗದ ರೀತಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳನ್ನೂ ಹಿಡಿಯುವ ಈ ಶಿಲೀಂಧ್ರವು ಕಪ್ಪು ಕಣಗಳ ರೂಪದಲ್ಲಿ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿರಬಲ್ಲದು. ತರಕಾರಿ ಮುಗಿದ ಕುಂಡದ ಮಣ್ಣನ್ನೇ ಸ್ಟ್ರಾಬೆರಿಗೆ ತುಂಬುವ ಮಿತವ್ಯಯ ಇಲ್ಲಿ ದುಬಾರಿಯಾಗುತ್ತದೆ. ಎಂಥ ತೀರ್ಮಾನಕ್ಕೂ ಕೊನೆಯ ಸಾಕ್ಷಿ ಪ್ರಯೋಗಾಲಯದ ಪರೀಕ್ಷೆಯೇ ಆದುದರಿಂದ, ಗಿಡಗಳು ಸಾಲಾಗಿ ಸಾಯುತ್ತಿದ್ದರೆ ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸುವುದು ಸೂಕ್ತ.

ಮದ್ದಿಗೆ ಮುಂಚಿನ ಮದ್ದು

ಮೇಲಿನ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾಡಬೇಕಾದ ಕೆಲಸಗಳು ತಾವಾಗಿಯೇ ಹೊರಡುತ್ತವೆ. ಚಿಬ್ಬು ರೋಗ ತುಂತುರಿನಲ್ಲಿ ಸಿಡಿಯುವುದರಿಂದ ಮಣ್ಣಿನ ಮೇಲೆ ಒಣಹುಲ್ಲಿನ ಹೊದಿಕೆ ಹಾಸಬೇಕು; ಹುಲ್ಲು ಹನಿಯ ಹೊಡೆತವನ್ನು ತಗ್ಗಿಸಿ, ಹಣ್ಣು ಹಸಿಮಣ್ಣಿಗೆ ತಾಗದಂತೆ ಎತ್ತಿಹಿಡಿಯುತ್ತದೆ. ಬೂದುಬೂಷ್ಟಿಗೆ ದೀರ್ಘ ತೇವ ಬೇಕಾದುದರಿಂದ ನೀರನ್ನು ಎಲೆ–ಹೂಗಳ ಮೇಲೆ ಸುರಿಯದೆ ಬುಡಕ್ಕೆ, ಅದೂ ಬೆಳಿಗ್ಗೆಯೇ ಹಾಕಬೇಕು. ಸಂಜೆ ನೆನೆದ ಗಿಡ ಇಬ್ಬನಿಯನ್ನೂ ಹೊತ್ತು ಇಡೀ ರಾತ್ರಿ ಒದ್ದೆಯಾಗಿರುತ್ತದೆ. ಗಿಡದಿಂದ ಗಿಡಕ್ಕೆ ಸುಮಾರು 30 ಸೆಂಟಿಮೀಟರ್ ಅಂತರವಿದ್ದರೆ ಎಲೆಗಳ ನಡುವೆ ಗಾಳಿ ಆಡುತ್ತದೆ. ಫೈಟಾಫ್ತೊರದ ಬೀಜಾಣು ಈಜಿ ಬರುವುದರಿಂದ ಕುಂಡದ ತೂತುಗಳು ತೆರೆದಿರಬೇಕು, ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಲ್ಲಬಾರದು. ನೆಡುವಾಗ ಮೋಟುಕಾಂಡದ ಸುಳಿ ಮಣ್ಣಿನಿಂದ ಮೇಲಿರಬೇಕು: ಹೂತುಹೋದ ಸುಳಿ ಕೊಳೆಯುತ್ತದೆ, ತೀರ ಎತ್ತರದಲ್ಲಿಟ್ಟರೆ ಬೇರು ಒಣಗುತ್ತದೆ.

ಸಾರಜನಕದ ಗೊಬ್ಬರವನ್ನು ಕೈತುಂಬ ಹಾಕಿದಾಗ ಎಲೆಗಳು ದಟ್ಟವಾಗಿ, ಹಣ್ಣು ಮೆತ್ತಗಾಗಿ ಬೂಷ್ಟಿಗೆ ಅನುಕೂಲವಾಗುವುದರಿಂದ ಗೊಬ್ಬರದಲ್ಲಿಯೂ ಮಿತಿ ಬೇಕು. ತಳಿಯ ಆಯ್ಕೆಯೂ ರಕ್ಷಣೆಯ ಭಾಗವೇ: ಹಣ್ಣಿನ ಚಿಬ್ಬು ರೋಗವನ್ನು ಫ್ಲೋರಿಡಾದ ಸ್ವೀಟ್ ಚಾರ್ಲಿ ತಳಿ ಕ್ಯಾಲಿಫೋರ್ನಿಯಾದ ಚಾಂಡ್ಲರ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಆದರೆ ಎಲ್ಲ ರೋಗಗಳನ್ನೂ ತಡೆಯುವ ತಳಿ ಇಲ್ಲ.

ನೆಲದಲ್ಲಿ ಬೆಳೆಯುವವರಿಗೆ ಕನ್ನಡನಾಡಿನ ಬೇಸಿಗೆಯೇ ಒಂದು ಸಾಧನ. ಏಪ್ರಿಲ್–ಮೇ ತಿಂಗಳಲ್ಲಿ ಪಾತಿಯನ್ನು ಹದವಾಗಿ ತೋಯಿಸಿ, ತೆಳುವಾದ ಪಾರದರ್ಶಕ ಪಾಲಿಥಿನ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು ನಾಲ್ಕರಿಂದ ಆರು ವಾರ ಬಿಟ್ಟರೆ, ಬಿಸಿಲಿನ ಕಾವು ಮೇಲ್ಮಣ್ಣಿನ ಅನೇಕ ರೋಗಾಣುಗಳನ್ನು, ಕಳೆಬೀಜಗಳನ್ನು ಕೊಲ್ಲುತ್ತದೆ. ಮಣ್ಣಿನ ಸೌರೀಕರಣವೆಂಬ ಈ ಕ್ರಮವನ್ನು ಇಸ್ರೇಲಿನ ಯಾಕೋವ್ ಕತಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ವಿಜ್ಞಾನ ಲೋಕದ ಮುಂದಿಟ್ಟರು. ಆ ಬಳಿಕ ಟ್ರೈಕೊಡರ್ಮ ಬೆರೆಸಿದ ಕೊಟ್ಟಿಗೆ ಗೊಬ್ಬರ ಹಾಕಿದರೆ, ರೋಗಕಾರಕ ಶಿಲೀಂಧ್ರಗಳನ್ನು ಮುತ್ತಿ ಕರಗಿಸುವ ಆ ಹಿತಕಾರಿ ಶಿಲೀಂಧ್ರ ತೆರವಾದ ಜಾಗದಲ್ಲಿ ಮೊದಲೇ ನೆಲೆಯೂರುತ್ತದೆ.

ಸಿಂಪಡಣೆಯ ಬಲ ಮತ್ತು ಮಿತಿ

ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ದುಡಿದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ರೂಢಿ ಆ ಕೆಲಸದಿಂದ ಬೇರುಬಿಟ್ಟಿತು. ಆ ರೂಢಿಯ ತಿರುಳು ಇಂದಿಗೂ ಪಾಠವಾಗಿದೆ: ದ್ರಾವಣವು ರೋಗ ಬಂದ ಗೊನೆಯನ್ನು ಗುಣಪಡಿಸಲಾರದು, ರೋಗ ಬರುವ ಮೊದಲೇ ತಾಮ್ರದ ತೆಳುಪದರ ಹಾಸಿ ಬೀಜಾಣುವನ್ನು ಹೊರಗೇ ತಡೆಯಬಲ್ಲದು. ಸ್ಟ್ರಾಬೆರಿಯ ಕೋನೀಯ ಎಲೆಚುಕ್ಕೆಗೂ ತಾಮ್ರ ಒಂದಿಷ್ಟು ನೆರವಾಗುತ್ತದೆಯಾದರೂ, ಮತ್ತೆ ಮತ್ತೆ ಸಿಂಪಡಿಸಿದರೆ ಎಲೆಯೇ ಸುಡುವುದರಿಂದಲೂ ಹಣ್ಣಿನ ಮೇಲೆ ಉಳಿಯುವುದರಿಂದಲೂ ಹೂ–ಹಣ್ಣುಗಳಿರುವಾಗ ಅದು ಸಲ್ಲದು. ಬೂದಿರೋಗಕ್ಕೆ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೇಬಲ್ಲಿನಲ್ಲಿ ಹೇಳಿದ ಪ್ರಮಾಣದಲ್ಲಿ, ಮೊದಲ ಬಿಳಿಹುಡಿ ಕಂಡೊಡನೆ ಬಳಸಬಹುದು; ಉಷ್ಣತೆ 32 ಡಿಗ್ರಿ ದಾಟುವ ದಿನಗಳಲ್ಲಿ ಮಾತ್ರ ಗಂಧಕವೂ ಎಲೆಯನ್ನು ಸುಡುತ್ತದೆ.

ಬೂದುಬೂಷ್ಟಿನ ವಿರುದ್ಧ ಬಂದ ಪ್ರಬಲ ಅಂತರ್ವ್ಯಾಪಿ ಮದ್ದುಗಳ ಚರಿತ್ರೆ ಎಚ್ಚರಿಕೆಯ ಚರಿತ್ರೆ. 1960ರ ದಶಕದ ಕೊನೆಗೆ ಬಳಕೆಗೆ ಬಂದ ಬೆನೋಮಿಲ್ ಮೊದಲು ಅದ್ಭುತವೆನಿಸಿದರೂ, ಕೆಲವೇ ವರ್ಷಗಳಲ್ಲಿ ಅದಕ್ಕೆ ಬಗ್ಗದ ಬೊಟ್ರೈಟಿಸ್ ಬಳಗಗಳು ತೋಟಗಳಲ್ಲಿ ತುಂಬಿಕೊಂಡವು. ಅಪಾರ ಸಂಖ್ಯೆಯಲ್ಲಿ ಬೀಜಕಣ ಹುಟ್ಟಿಸುವ ಶಿಲೀಂಧ್ರದಲ್ಲಿ ಮದ್ದನ್ನು ತಾಳುವ ಒಂದೆರಡು ಉಳಿದರೂ ಮುಂದಿನ ಪೀಳಿಗೆ ಅವುಗಳದೇ. ಸಿಪ್ಪೆ ಸುಲಿಯದೆ ತಿನ್ನುವ, ಮಕ್ಕಳು ಗಿಡದಿಂದಲೇ ಕಿತ್ತು ಬಾಯಿಗಿಡುವ ಹಣ್ಣಿಗೆ ಇಂಥ ಮದ್ದು ಮನೆಯಲ್ಲಿ ಬೇಕಾಗುವ ಸಂದರ್ಭವೇ ಅಪರೂಪ. ಅದರ ಬದಲು ಹಣ್ಣಾದದ್ದನ್ನು ಎರಡು ದಿನಕ್ಕೊಮ್ಮೆ ತಪ್ಪದೆ ಕೊಯ್ಯುವುದು, ಬೂಷ್ಟು ಹಿಡಿದದ್ದನ್ನು ಬೀಜಕಣ ಹಾರದಂತೆ ಚೀಲದೊಳಗೆ ಹಾಕಿ ಹೊರಗೊಯ್ಯುವುದು, ಒಣಗಿದ ಎಲೆಗಳನ್ನು ಆಗಾಗ ತೆಗೆಯುವುದು ಹೆಚ್ಚು ಫಲ ಕೊಡುತ್ತದೆ.

ಕೀಳುವ ನಿರ್ಧಾರ

ಮೋಟುಕಾಂಡ ಕೊಳೆತ ಗಿಡ, ಕುಗ್ಗುತ್ತಿರುವ ವೈರಸ್ ಗಿಡ, ಸೊರಗು ರೋಗದ ಗಿಡ ಈ ಮೂರನ್ನು ಉಳಿಸಿಕೊಳ್ಳುವ ಯತ್ನದಿಂದ ಉಳಿದವುಗಳಿಗೆ ಹಾನಿ. ಅವನ್ನು ಬೇರಿನ ಸುತ್ತಲಿನ ಮಣ್ಣಿನೊಡನೆ ತೆಗೆದು, ಮನೆಯ ತಣ್ಣನೆಯ ಗೊಬ್ಬರದ ಗುಂಡಿಗೆ ಹಾಕದೆ ವಿಲೇವಾರಿ ಮಾಡಿ, ಕತ್ತರಿ ಮತ್ತು ಕುಂಡವನ್ನು ಚೆನ್ನಾಗಿ ತೊಳೆಯಬೇಕು. ಚಳಿದೇಶಗಳಲ್ಲಿ ಒಂದೇ ಗಿಡವನ್ನು ಮೂರು ನಾಲ್ಕು ವರ್ಷ ಉಳಿಸಿಕೊಳ್ಳುವುದುಂಟು. ಬಯಲುಸೀಮೆಯ ಬೇಸಿಗೆ ಮತ್ತು ಮಳೆಗಾಲಗಳನ್ನು ದಾಟಿಸಿದ ಗಿಡವಾದರೋ ಒಂದು ಋತುವಿನ ರೋಗವನ್ನು ಮುಂದಿನ ಋತುವಿಗೆ ಹೊತ್ತುಬರುವ ಸೇತುವೆಯಾಗುವುದರಿಂದ, ಇಲ್ಲಿ ಸ್ಟ್ರಾಬೆರಿಯನ್ನು ವಾರ್ಷಿಕ ಬೆಳೆಯೆಂದು ಬಗೆದು ಪ್ರತಿವರ್ಷ ಹೊಸ ಶುದ್ಧ ಸಸಿಯಿಂದ ಆರಂಭಿಸುವುದು ವಿವೇಕ.

ಎಕರೆಗಟ್ಟಲೆ ಬೆಳೆಯುವ ರೈತರಿಗೆ ಪ್ರತಿಯೊಂದು ಗಿಡದ ಪ್ರತಿಯೊಂದು ಎಲೆಯನ್ನು ಮಗುಚಿ ನೋಡುವುದು ಸಾಧ್ಯವಿಲ್ಲವಾದ್ದರಿಂದ ಅವರು ಹವಾಮಾನವನ್ನು ಅಂದಾಜಿಸಿ ಸಿಂಪಡಿಸಬೇಕಾಗುತ್ತದೆ. ಹತ್ತಿಪ್ಪತ್ತು ಕುಂಡಗಳ ಮನೆಯ ಬೆಳೆಗಾರರಿಗೆ ಆ ಅನಿವಾರ್ಯತೆಯಿಲ್ಲ: ಎಲೆಯಡಿಯ ಮೊದಲ ಬಿಳಿಹುಡಿ, ಮೊದಲ ಹೇನು, ಮೊದಲ ಒಣದಳ ಇವೆಲ್ಲ ಕಣ್ಣಿಗೆ ಬೀಳುವಷ್ಟು ಸಣ್ಣದು ಆ ತೋಟ. ರೋಗದ ಕಾಣದ ಕಾಲವನ್ನು ಮೊಟಕುಗೊಳಿಸುವ ಶಕ್ತಿ ಆ ದಿನನಿತ್ಯದ ನೋಟಕ್ಕಿದ್ದು, ಅದನ್ನು ಬಳಸಿಕೊಂಡ ಅಂಗಳದಲ್ಲಿ ಮದ್ದಿನ ಅಗತ್ಯ ಬಹುಮಟ್ಟಿಗೆ ಏಳುವುದೇ ಇಲ್ಲ.